ಆರೋಗ್ಯ ಪ್ರಶ್ನೋತ್ತರ: ಇಸಬ್‌ಗೋಲ್ ಕುಡಿದರೂ ಹೊಟ್ಟೆ ಬಿಗಿ

ಪ್ರಶ್ನೆ: ನನಗೆ 44 ವರ್ಷ. ದಿನಾ ಡೊಂಬಿವಲಿಯಿಂದ ಮುಂಬಯಿಯ ಸಿಎಸ್‌ಎಂಟಿ ನಿಲ್ದಾಣಕ್ಕೆ ಲೋಕಲ್ ಟ್ರೇನಿನಲ್ಲಿ ಓಡಾಟ. ಮೂರು ತಿಂಗಳಿಂದ ಮಲಬದ್ಧತೆ. ರಾತ್ರಿ ಮಲಗುವ ಮುಂಚೆ ಅರ್ಧ ಲೋಟ ನೀರಿಗೆ ಎರಡು ದೊಡ್ಡ ಚಮಚ ಇಸಬ್‌ಗೋಲ್ ಹಾಕಿ ಕುಡಿಯುತ್ತೇನೆ. ಹೊಟ್ಟೆ ಉಬ್ಬರಿಸುತ್ತದೆ, ಬೆಳಗ್ಗೆ ಏನೂ ಆಗುವುದಿಲ್ಲ. ರಕ್ತ ಕಡಿಮೆಯೆಂದು ಕೊಟ್ಟ ಐರನ್ ಗುಳಿಗೆ, ಜೊತೆಗೆ ಥೈರಾಯ್ಡ್ ಗುಳಿಗೆ ನಡೆಯುತ್ತಿವೆ. ಬೇರೆ ಪುಡಿ ಹಿಡಿಯಲೇ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಪುಡಿ ಬದಲಿಸಬೇಡಿ, ಕುಡಿಯುವ ರೀತಿ ಬದಲಿಸಿ. ಒಂದು ದಿನ ಅದೇ ಅಳತೆಯಲ್ಲಿ ಕಲಸಿ ಹತ್ತು ನಿಮಿಷ ಹಾಗೇ ಇಟ್ಟು ನೋಡಿ. ಲೋಟ ಬಗ್ಗಿಸಿದರೂ ಜಾರದಷ್ಟು ಗಟ್ಟಿ ಅಂಟಾಗಿರುತ್ತದೆ. ಇಸಬ್‌ಗೋಲ್ ಎಂದರೆ ಬೀಜದ ಹೊಟ್ಟು. ನೀರು ಹೀರಿ ಉಬ್ಬಿ ಮಲವನ್ನು ಮೆತ್ತಗೆ ಮಾಡುವುದಷ್ಟೇ ಅದರ ಕೆಲಸ. ನೀರೇ ಸಾಲದಿದ್ದರೆ ಕರುಳಲ್ಲಿ ಇನ್ನಷ್ಟು ಬಿಗಿ.

ಮೊದಲ ವಾರ ಒಂದೇ ಟೀ ಚಮಚ, ತುಂಬಿದ ಲೋಟ ನೀರಿಗೆ (250 ಮಿ.ಲೀ.). ಕಲಸಿದ ಕೂಡಲೇ ಕುಡಿದು, ಮೇಲೆ ಇನ್ನೊಂದು ಲೋಟ ನೀರು. ಗ್ಯಾಸ್ ಕಾಡದಿದ್ದರೆ ಎರಡನೇ ವಾರದಿಂದ ಎರಡು ಟೀ ಚಮಚ. ಮರುದಿನವೇ ಫಲ ಕಾಣಲಿಲ್ಲವೆಂದು ಹೆಚ್ಚಿಸಬೇಡಿ, ಇದಕ್ಕೆ ಒಂದರಿಂದ ಮೂರು ದಿನ ಬೇಕು. ಕುಡಿದ ತಕ್ಷಣ ಮಲಗುವುದು, ಒಣಪುಡಿ ಬಾಯಿಗೆ ಹಾಕಿಕೊಳ್ಳುವುದು ಬೇಡವೇ ಬೇಡ: ಗಂಟಲಲ್ಲೇ ಉಬ್ಬಿ ಸಿಕ್ಕಿಕೊಳ್ಳಬಹುದು.

ಐರನ್ ಯಾವಾಗ ಶುರುವಾಯಿತು? ಅದಕ್ಕೂ ಮೂರು ತಿಂಗಳಾಗಿದ್ದರೆ ಮಲಬದ್ಧತೆಗೆ ಅದೇ ಕಾರಣವೆಂದು ನಮ್ಮ ಅನುಮಾನ. ನೀವಾಗಿಯೇ ನಿಲ್ಲಿಸಬೇಡಿ, ದಿನ ಬಿಟ್ಟು ದಿನ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಿ. ಥೈರಾಯ್ಡ್ ಗುಳಿಗೆಗೂ ಐರನ್‌ಗೂ ನಾಲ್ಕು ಗಂಟೆ ಅಂತರವಿರಬೇಕು, ಇಸಬ್‌ಗೋಲ್ ಕೂಡ ಥೈರಾಯ್ಡ್ ಗುಳಿಗೆಯ ಹತ್ತಿರ ಬರಬಾರದು. ಹಾಗಾಗಿ ಎದ್ದ ಕೂಡಲೇ ಥೈರಾಯ್ಡ್, ಮಧ್ಯಾಹ್ನ ಐರನ್, ಸಂಜೆ ಮನೆ ಸೇರಿದ ಮೇಲೆ ಇಸಬ್‌ಗೋಲ್. ಥೈರಾಯ್ಡ್ ಹತೋಟಿ ತಪ್ಪಿದರೂ ಮಲ ಕಟ್ಟುತ್ತದೆ, ಟಿಎಸ್‌ಎಚ್ (ಥೈರಾಯ್ಡ್‌ನ ರಕ್ತಪರೀಕ್ಷೆ) ಒಮ್ಮೆ ನೋಡಿಸಿ.

ಇನ್ನು ಲೋಕಲ್ ಟ್ರೇನಿನ ಮಾತು. ದಾರಿಯಲ್ಲಿ ಶೌಚಾಲಯ ಸಿಗದೆಂದು ಬೆಳಗ್ಗೆ ನೀರೇ ಕುಡಿಯದ ಹೆಂಗಸರು ಎಷ್ಟೋ ಮಂದಿ. ತಿಂಡಿ ತಿಂದ ಮೇಲೆ ಕರುಳು ತಾನಾಗಿ ಅಲುಗಾಡುತ್ತದೆ. ಆ ಹೊತ್ತಿಗೆ ನೀವು ಪ್ಲಾಟ್‌ಫಾರ್ಮಿನಲ್ಲಿ. ತಡೆದುಕೊಂಡಷ್ಟೂ ಕರುಳು ಮಲದ ನೀರನ್ನು ಹೀರುತ್ತಾ ಹೋಗುತ್ತದೆ. ಇಪ್ಪತ್ತು ನಿಮಿಷ ಮುಂಚೆ ಎದ್ದು, ತಿಂಡಿ ಮುಗಿಸಿ, ಫೋನ್ ಹೊರಗಿಟ್ಟು ಕೂತುಕೊಳ್ಳಿ. ಕಮೋಡ್ ಆದರೆ ಕಾಲಡಿ ಒಂದು ಗೇಣು ಎತ್ತರದ ಸ್ಟೂಲ್ ಇರಲಿ.

ಪ್ರಶ್ನೆ: ಒಂದು ವರ್ಷದಿಂದ ದಿನಾ ರಾತ್ರಿ ಆಯುರ್ವೇದ ಚೂರ್ಣ. ಒಂದು ಚಮಚ ಈಗ ಎರಡಾಗಿದೆ. ಗಿಡಮೂಲಿಕೆ ತಾನೇ, ಪರವಾಗಿಲ್ಲವೇ?
– ಓದುಗರೊಬ್ಬರು, ಹಡಪಸರ, ಪುಣೆ

ಉತ್ತರ: ಡಬ್ಬಿಯ ಹಿಂದೆ ಸೋನಾಮುಖಿ, ಸನಾಯ್ ಅಥವಾ ಸೆನ್ನಾ ಎಂದಿದೆಯೇ ನೋಡಿ. ಇದ್ದರೆ ಅದು ಆಹಾರವಲ್ಲ, ಕರುಳನ್ನು ಕೆರಳಿಸುವ ಭೇದಿ ಔಷಧ. 6ರಿಂದ 12 ಗಂಟೆಯಲ್ಲಿ ಕೆಲಸ ಮಾಡುವುದರಿಂದಲೇ ರಾತ್ರಿ ಕುಡಿದದ್ದು ಬೆಳಗ್ಗೆಗೆ ಸರಿಹೊಂದುತ್ತದೆ. ಅಪರೂಪಕ್ಕೆ ಸರಿ. ವೈದ್ಯರನ್ನು ಕೇಳದೆ ವರ್ಷಗಟ್ಟಲೆ ಅಲ್ಲ: ಹೊಟ್ಟೆನುಲಿತ ಬರುತ್ತದೆ, ಹೆಚ್ಚು ಭೇದಿಯಾದರೆ ಪೊಟ್ಯಾಸಿಯಂ ಇಳಿಯುತ್ತದೆ. ಮೇಲೆ ಹೇಳಿದ ಅಳತೆಯಲ್ಲಿ ಇಸಬ್‌ಗೋಲ್ ಶುರುಮಾಡಿ, ಅದು ಹಿಡಿದ ಮೇಲೆ ಚೂರ್ಣವನ್ನು ಪ್ರತಿ ವಾರ ಅರ್ಧ ಚಮಚ ಕಡಿಮೆ ಮಾಡುತ್ತಾ ಬನ್ನಿ. ಜೊತೆಗೆ ಸಿಪ್ಪೆ ಸಮೇತ ಒಂದು ಪೇರಲ ತಿನ್ನಿ.

ಪ್ರಶ್ನೆ: ತಂದೆಗೆ 72, ಕಿಡ್ನಿ ದುರ್ಬಲ. ಮಲಬದ್ಧತೆಗೆ ಮೆಗ್ನೀಸಿಯಂ ಕೊಡಬಹುದೇ?
– ಓದುಗರೊಬ್ಬರು, ಮಡಗಾಂವ್

ಉತ್ತರ: ಬೇಡ. ಮೆಗ್ನೀಸಿಯಂ ಹೊರಹೋಗುವುದೇ ಕಿಡ್ನಿಯಿಂದ, ಸೋತ ಕಿಡ್ನಿಯಲ್ಲಿ ಅದು ರಕ್ತದಲ್ಲೇ ಉಳಿದು ಏರುತ್ತದೆ. ಮಿಲ್ಕ್ ಆಫ್ ಮೆಗ್ನೀಸಿಯಾಗೂ ಇದೇ ಮಾತು. ಲ್ಯಾಕ್ಟುಲೋಸ್ ಸಿರಪ್ ಆದೀತೇ ಎಂದು ಅವರ ಕಿಡ್ನಿ ವೈದ್ಯರನ್ನು ಕೇಳಿ. ಈ ತೊಂದರೆ ಹೊಸದಾಗಿದ್ದರೆ, ಮಲದಲ್ಲಿ ರಕ್ತವಿದ್ದರೆ ಅಥವಾ ತೂಕ ಇಳಿಯುತ್ತಿದ್ದರೆ ಯಾವ ಪುಡಿಯನ್ನೂ ಹುಡುಕದೆ ಈ ವಾರವೇ ಪರೀಕ್ಷೆ ಮಾಡಿಸಿ.