ಕನ್ನಡ ಎಂ.ಎ. ಮಾಡಿ ಏನಾದಿರಿ?

ನೀವು ಕೇಳಿದ್ದು: ‘ಬಿ.ಎ. ಆಯ್ತು. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಕ್ಯಾಂಪಸ್ಸಿನಲ್ಲಿ ಕನ್ನಡ ಎಂ.ಎ.ಗೆ ಸೀಟು ಸಿಗುವ ಹಾಗಿದೆ, ಮನೆಯಲ್ಲಿ ಬೇಡ ಅಂತಿದ್ದಾರೆ. ಓದಿದವರು ಈಗ ಏನು ಮಾಡ್ತಿದ್ದೀರಿ?’

ನಾನು 2004ರಿಂದ 2006ರವರೆಗೆ ಅಲ್ಲಿದ್ದವನು. ಈಗ ಮೊಬೈಲ್ ಆ್ಯಪ್‌ಗಳನ್ನು ಕನ್ನಡಕ್ಕೆ ತರುವ ಕೆಲಸ ಮಾಡ್ತೀನಿ. ನೇರ ದಾರಿಯಲ್ಲೇನೂ ಇಲ್ಲಿಗೆ ಬರಲಿಲ್ಲ.

ಮಾನಸಗಂಗೋತ್ರಿ ಅಂತ ಹೆಸರಿಟ್ಟವರು ಕುವೆಂಪು. 1956ರಿಂದ 1960ರವರೆಗೆ ಅವರೇ ಕುಲಪತಿ. ನಮ್ಮ ಕನ್ನಡ ಅಧ್ಯಯನ ಸಂಸ್ಥೆಗೂ ಅವರದೇ ಹೆಸರು. ಆದರೆ ಗಂಗೋತ್ರಿ ಅಂದಕೂಡಲೇ ನನಗೆ ಮೊದಲು ನೆನಪಾಗೋದು ಹಾಸ್ಟೆಲ್ಲಿನ ಸಾರು. ಅನ್ನದ ಮೇಲೆ ಹಾಕಿದರೆ ಒಂದು ಕ್ಷಣವೂ ನಿಲ್ಲದೆ ತಟ್ಟೆಯ ಅಂಚಿಗೆ ಓಡುತ್ತಿತ್ತು. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಹೆಜ್ಜಾರ್ಲೆಗಳನ್ನು ನೋಡುತ್ತಾ ಹಳಗನ್ನಡ ಪದ್ಯ ಬಾಯಿಪಾಠ ಮಾಡ್ತಿದ್ವಿ. ವಾಕಿಂಗ್ ಬಂದ ಹಿರಿಯರೊಬ್ಬರು ಒಮ್ಮೆ ನಿಂತು ಉಚ್ಚಾರಣೆ ತಿದ್ದಿ ಹೋಗಿದ್ದರು.

ಮಧ್ಯಾಹ್ನ ಊಟವಾದ ಮೇಲೆ ವ್ಯಾಕರಣದ ಪೀರಿಯಡ್ಡು. 13ನೇ ಶತಮಾನದ ಕೇಶಿರಾಜ, ಸಂಧಿ, ಸಮಾಸ, ವಿಭಕ್ತಿ ಪ್ರತ್ಯಯ. ಅರ್ಧ ಕ್ಲಾಸು ತೂಕಡಿಸುತ್ತಿತ್ತು. ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ‘ಇದರಿಂದ ಯಾರ ಹೊಟ್ಟೆ ತುಂಬುತ್ತೆ?’ ಅಂತ ಬರೆದಿದ್ದೆ.

ಆಮೇಲೆ ನಾಲ್ಕು ವರ್ಷ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ಪಾಠ ಮಾಡೋದು ಇಷ್ಟವಿತ್ತು. ಸಂಬಳ ಮಾತ್ರ ಮೂರು ನಾಲ್ಕು ತಿಂಗಳಿಗೊಮ್ಮೆ, ರಜೆಯಲ್ಲಿ ಅದೂ ಇಲ್ಲ. ಅಂಗಡಿಯಲ್ಲಿ ಸಾಲ ಹೇಳಿ ಸಾಕಾಗಿ ಬಿಟ್ಟೆ. ಸ್ವಲ್ಪ ದಿನ ಪ್ರೆಸ್ಸಿನಲ್ಲಿ ಕರಡು ತಿದ್ದಿದೆ. ಅಲ್ಲಿಂದ ಅನುವಾದ, ಅನುವಾದದಿಂದ ಆ್ಯಪ್.

ಬಸ್ ಟಿಕೆಟ್ಟಿನ ಆ್ಯಪ್ ಒಂದು ಕೈಗೆ ಬಂದಿತ್ತು. ಊರಿನ ಹೆಸರು ಪಟ್ಟಿಯಿಂದ ಬರುತ್ತೆ, ಅದರ ಮುಂದೆ ಪ್ರೋಗ್ರಾಮ್ ‘ಗೆ’ ಅಂಟಿಸುತ್ತೆ. ಹುಬ್ಬಳ್ಳಿಗೆ, ಸರಿ. ಮುಂದಿನದು ‘ಮಂಡ್ಯಗೆ’, ಅದರ ಕೆಳಗೆ ‘ಧಾರವಾಡಗೆ’, ‘ಮೈಸೂರುಗೆ’! ಪ್ರೋಗ್ರಾಮ್ ಬರೆಯುವ ಹುಡುಗ ಪುಣೆಯವನು, ‘ಒಂದೇ ಪ್ರತ್ಯಯ ಹೇಳಿ ಸಾರ್’ ಅಂದ. ಹೆಸರು ‘ಅ’ದಲ್ಲಿ ಮುಗಿದರೆ ‘ಕ್ಕೆ’, ‘ಇ’, ‘ಎ’ಯಲ್ಲಿ ಮುಗಿದರೆ ‘ಗೆ’, ‘ಉ’ದಲ್ಲಿ ಮುಗಿದರೆ ಆ ‘ಉ’ ಬಿದ್ದು ‘ಇಗೆ’ ಅಂತ ಬರೆದುಕೊಟ್ಟೆ. ಬರೆಯುವಾಗ ತೂಕಡಿಕೆಯ ಕ್ಲಾಸೇ ಕಣ್ಣ ಮುಂದೆ. ಗೋವಾಕ್ಕೋ ಗೋವಾಗೋ ಅಂತ ನಮ್ಮ ಟೀಮಿನಲ್ಲೇ ಎರಡು ಪಕ್ಷವಾಯ್ತು. ಕೊನೆಗೆ ಬೇಸತ್ತು ವಾಕ್ಯವನ್ನೇ ತೆಗೆದು ‘ತಲುಪುವ ಊರು: ಗೋವಾ’ ಅಂತ ಮಾಡಿದೆವು. ಜನರ ಹೆಸರಿಗಾದರೆ ‘ಅವರಿಗೆ’ ಸೇರಿಸಿದರೆ ಮುಗಿಯಿತು. ಮರ್ಯಾದೆಯೂ ಉಳಿಯುತ್ತೆ, ವ್ಯಾಕರಣವೂ.

ಹಾಗಂತ ಎಂ.ಎ. ಮಾಡಿದರೆ ಕೆಲಸ ಕಟ್ಟಿಟ್ಟ ಬುತ್ತಿ ಅಂತ ನಾನು ಹೇಳೋದಿಲ್ಲ. ನನ್ನ ಜೊತೆಯವರಲ್ಲಿ ಹೈಸ್ಕೂಲ್ ಮೇಷ್ಟ್ರಾದವರಿದ್ದಾರೆ, ಪೊಲೀಸ್ ಇಲಾಖೆ ಸೇರಿದವರಿದ್ದಾರೆ, ಊರಿಗೆ ಹೋಗಿ ರೇಷ್ಮೆ ಬೆಳೆಯುವವರೂ ಇದ್ದಾರೆ. ಕಾಲೇಜು ಮೇಷ್ಟ್ರಾಗಬೇಕಿದ್ದರೆ ಅದಕ್ಕಿರುವ ಅರ್ಹತಾ ಪರೀಕ್ಷೆಗಳಾದ ನೆಟ್ ಇಲ್ಲವೇ ಕೆಸೆಟ್ ಓದನ್ನು ಮೊದಲ ವರ್ಷದಿಂದಲೇ ಹಿಡಿಯಿರಿ. ಮೊಬೈಲು, ಕಂಪ್ಯೂಟರ್ ಎರಡರಲ್ಲೂ ಅಕ್ಷರ ಸರಿಯಾಗಿ ಕಾಣುವ ಯೂನಿಕೋಡ್‌ನಲ್ಲಿ ಕನ್ನಡ ಟೈಪಿಂಗ್ ಈಗಲೇ ಕಲಿಯಿರಿ. ನಾನು ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದ ಪ್ರಬಂಧ ಇವತ್ತು ಮೊಬೈಲಿನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಮತ್ತೆ, ಸೀಟು ಸಿಕ್ಕರೆ ಹಾಸ್ಟೆಲ್ ಅರ್ಜಿ ಅವತ್ತೇ ಹಾಕಿ. ಉಪ್ಪಿನಕಾಯಿ ಮನೆಯಿಂದ ಒಯ್ಯಿರಿ.