ಫ್ಲೋರಿಡಾದ ಎರಡನೇ ಮನೆ ಮತ್ತು ಪಕ್ಕದವರ ತೆರಿಗೆ ಬಿಲ್

ಆಗಸ್ಟ್ ಬಂತೆಂದರೆ ಫ್ಲೋರಿಡಾದ ಕೌಂಟಿಗಳು ಆ ವರ್ಷದ ಆಸ್ತಿ ತೆರಿಗೆ ಅಂದಾಜಿನ ಟ್ರಿಮ್ ನೋಟಿಸ್ ಕಳಿಸುತ್ತವೆ. ಅದನ್ನು ನೋಡಿ ಗಾಬರಿಯಾದ ನ್ಯೂಜೆರ್ಸಿ, ನ್ಯೂಯಾರ್ಕ್ ಕನ್ನಡಿಗರು ನನಗೆ ಪತ್ರ ಕಳಿಸುತ್ತಾರೆ. ಪ್ರತಿವರ್ಷ ಅವೇ ಪ್ರಶ್ನೆಗಳು. ಪ್ರತಿ ಪತ್ರದಲ್ಲೂ ‘ಗೆಳೆಯರೊಬ್ಬರು ಹೇಳಿದರು’ ಎಂಬ ಸಾಲು. ಆ ಗೆಳೆಯರು ಯಾರೆಂದು ಒಮ್ಮೆ ನೋಡಬೇಕು.

ಪ್ರಶ್ನೆ: ನಾವು ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದೇವೆ. ಕಳೆದ ವರ್ಷ ಟ್ಯಾಂಪಾ ಹತ್ತಿರ ಒಂದು ಕಾಂಡೊ ಕೊಂಡೆವು. ಜಾಹೀರಾತಿನಲ್ಲಿ ವರ್ಷದ ತೆರಿಗೆ ಮೂರು ಸಾವಿರ ಡಾಲರ್ ಎಂದಿತ್ತು, ಈಗ ಏಳು ಸಾವಿರ ಚಿಲ್ಲರೆ ಬಂದಿದೆ. ಅದೇ ಅಳತೆಯ ಪಕ್ಕದ ಮನೆಯವರು ಈಗಲೂ ಮೂರೇ ಸಾವಿರ ಕಟ್ಟುತ್ತಾರೆ. ಇದು ಹೊರರಾಜ್ಯದವರಿಗೆ ಮಾಡುವ ಅನ್ಯಾಯವಲ್ಲವೇ? ಹೆಂಡತಿಯ ಹೆಸರಿನಲ್ಲಿ ಹೋಮ್‌ಸ್ಟೆಡ್ (ಕಾಯಂ ವಾಸದ ಮನೆಗೆ ಸಿಗುವ ತೆರಿಗೆ ರಿಯಾಯಿತಿ) ಹಾಕಿಸಿದರೆ ಸರಿಹೋಗುತ್ತದೆಂದು ಗೆಳೆಯರೊಬ್ಬರು ಹೇಳಿದರು.

ಉತ್ತರ: ಮೊದಲು ಪಕ್ಕದ ಮನೆಯ ಲೆಕ್ಕ ನೋಡೋಣ. ಅಲ್ಲೇ ಕಾಯಂ ವಾಸವಿರುವವರ ಮನೆಗೆ 1995ರಿಂದ ಒಂದು ಕಟ್ಟುಪಾಡಿದೆ. ಪೇಟೆಯಲ್ಲಿ ಬೆಲೆ ಎಷ್ಟೇ ಏರಲಿ, ತೆರಿಗೆಗೆ ಹಿಡಿಯುವ ಬೆಲೆ ವರ್ಷಕ್ಕೆ ಶೇ 3 ಅಥವಾ ಹಣದುಬ್ಬರದ ದರ, ಇವೆರಡರಲ್ಲಿ ಕಡಿಮೆ ಇರುವುದಕ್ಕಿಂತ ಹೆಚ್ಚು ಏರುವಂತಿಲ್ಲ. ಅವರು 2012ರಲ್ಲಿ ಒಂದೂವರೆ ಲಕ್ಷಕ್ಕೆ ಕೊಂಡಿದ್ದರೆ ಕೌಂಟಿಯ ಪುಸ್ತಕದಲ್ಲಿ ಇವತ್ತಿಗೂ ಆ ಬೆಲೆ 2.2 ಲಕ್ಷ ದಾಟುವುದಿಲ್ಲ. ಅದರಲ್ಲಿ ಸುಮಾರು 50,000 ಹೋಮ್‌ಸ್ಟೆಡ್ ರಿಯಾಯಿತಿ ಕಳೆಯಿರಿ. ದರ ಸಾವಿರಕ್ಕೆ 18 ಡಾಲರ್ ಎಂದಿಟ್ಟುಕೊಂಡರೆ ಮೂರು ಸಾವಿರ ಚಿಲ್ಲರೆಯಾಯಿತು. ನಿಮ್ಮ ಮನೆಗೆ ಪೇಟೆ ಬೆಲೆ ನಾಲ್ಕು ಲಕ್ಷ, ರಿಯಾಯಿತಿ ಸೊನ್ನೆ: 7,200. ಬಿಲ್‌ನಲ್ಲಿ ತಪ್ಪೇನಿಲ್ಲ.

ಜಾಹೀರಾತಿನಲ್ಲಿ ನೀವು ಕಂಡದ್ದು ಮಾರಿದವರ ತೆರಿಗೆ. ಅವರೂ ಅಲ್ಲೇ ವಾಸವಿದ್ದು ಅದೇ ಕಟ್ಟುಪಾಡಿನ ಲಾಭ ಪಡೆದವರಿರಬೇಕು. ಮನೆ ಕೈಬದಲಾದ ಮುಂದಿನ ಜನವರಿ 1ಕ್ಕೆ ಆ ಲಾಭ ಕಳಚಿ ಬಿದ್ದು, ಬೆಲೆ ಪೇಟೆಯ ಮಟ್ಟಕ್ಕೆ ಜಿಗಿಯುತ್ತದೆ. ಝಿಲೋದಂಥ ಮನೆ ಮಾರಾಟದ ಜಾಲತಾಣದಲ್ಲಿ ಕಾಣುವ ತೆರಿಗೆಯ ಅಂಕಿಯನ್ನು ನಂಬಿ ಮನೆ ಕೊಂಡವರ ಮೇಲೆ ನನಗೆ ಕನಿಕರ ಹುಟ್ಟುವುದಿಲ್ಲ. ಆಸ್ತಿಗೆ ಬೆಲೆ ಕಟ್ಟುವ ಕೌಂಟಿಯ ಪ್ರಾಪರ್ಟಿ ಅಪ್ರೇಸರ್ ಜಾಲತಾಣದಲ್ಲಿ ‘ಮಾರುಕಟ್ಟೆ ಬೆಲೆ’ ಮತ್ತು ‘ತೆರಿಗೆಗೆ ಹಿಡಿದ ಬೆಲೆ’ ಎರಡನ್ನೂ ಅಕ್ಕಪಕ್ಕದಲ್ಲೇ ಬರೆದಿರುತ್ತಾರೆ. ಅವೆರಡರ ನಡುವಿನ ಅಂತರವೇ ನಿಮಗೆ ಕಾದಿರುವ ಪೆಟ್ಟು. ನೋಡಲು ಐದು ನಿಮಿಷ ಸಾಕು.

ಇನ್ನು ಅನ್ಯಾಯದ ಮಾತು. ಫ್ಲೋರಿಡಾದಲ್ಲಿ ಮನೆಯಿದ್ದ ಇಲಿನಾಯ್ ದಂಪತಿ ನಿಮ್ಮಂತೆಯೇ ಇದು ಅನ್ಯಾಯವೆಂದು ಕೋರ್ಟಿಗೆ ಹೋಗಿದ್ದರು. ರೈನಿಷ್ ಮೊಕದ್ದಮೆ ಎನ್ನುತ್ತೇವೆ. 2000ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಅವರ ವಾದವನ್ನು ಒಪ್ಪಲಿಲ್ಲ. ಮಯಾಮಿಯಲ್ಲಿ ವಾಸವಿದ್ದು ಟ್ಯಾಂಪಾದಲ್ಲಿ ಎರಡನೇ ಮನೆ ಮಾಡಿದವನೂ ನಿಮ್ಮಷ್ಟೇ ಕಟ್ಟುತ್ತಾನೆ. ಭೇದ ಇರುವುದು ವಾಸದ ಮನೆಗೂ ಉಳಿದ ಮನೆಗಳಿಗೂ ನಡುವೆ, ರಾಜ್ಯ ರಾಜ್ಯಗಳ ನಡುವೆ ಅಲ್ಲ. ಕಾನೂನಿನ ಮಟ್ಟಿಗೆ ಇದು ಸರಿ. ಆದರೆ ಕಾನೂನಿನ ಹೊರಗೆ ನನ್ನ ಅಭಿಪ್ರಾಯ ಕೇಳಿದರೆ, ಓಟಿಲ್ಲದವರ ಮೇಲೆ ಭಾರ ಹೊರಿಸುವುದು ರಾಜಕಾರಣಿಗಳಿಗೆ ಎಲ್ಲೆಡೆಯೂ ಸಲೀಸು. ಸೌತ್ ಕ್ಯಾರೊಲಿನಾದಲ್ಲಿ ವಾಸದ ಮನೆಯ ಬೆಲೆಯಲ್ಲಿ ಶೇ 4ರಷ್ಟನ್ನು ತೆರಿಗೆಗೆ ಹಿಡಿದರೆ ಎರಡನೇ ಮನೆಗೆ ಶೇ 6 ಹಿಡಿಯುತ್ತಾರೆ. ಶಾಲೆ ನಡೆಸುವ ಖರ್ಚಿನ ತೆರಿಗೆಯೂ ಎರಡನೆಯದಕ್ಕೆ ಮಾತ್ರ. ರೋಡ್ ಐಲೆಂಡ್ 2025ರಲ್ಲಿ, ಹತ್ತು ಲಕ್ಷ ಡಾಲರ್‌ಗಿಂತ ಬೆಲೆಬಾಳುವ, ಮಾಲೀಕರು ವಾಸವಿಲ್ಲದ ಮನೆಗಳ ಮೇಲೆ ಹೆಚ್ಚುವರಿ ತೆರಿಗೆಯನ್ನೇ ತಂದಿತು. ಫ್ಲೋರಿಡಾ ಆದಾಯ ತೆರಿಗೆ ಹಾಕುವುದಿಲ್ಲ, ಸರಿ. ಅಲ್ಲಿ ವಾಸವಿಲ್ಲದ ನಿಮಗೆ ಅದರಿಂದ ಬಂದ ಭಾಗ್ಯವೇನು?

ಈಗ ಗೆಳೆಯರ ಸಲಹೆಗೆ ಬರೋಣ. ಇದನ್ನು ಓದಿದಾಗಲೆಲ್ಲ ನನಗೆ ತಲೆ ಕೆಡುತ್ತದೆ. ಹೋಮ್‌ಸ್ಟೆಡ್ ಅರ್ಜಿ ನಮೂನೆ ಡಿಆರ್-501. ಅದರಲ್ಲಿ ಅರ್ಜಿದಾರರ ಜೊತೆಗೆ ಅವರ ಗಂಡ ಅಥವಾ ಹೆಂಡತಿಯ ಸೋಶಿಯಲ್ ಸೆಕ್ಯುರಿಟಿ ಸಂಖ್ಯೆಯನ್ನೂ ಕೇಳುತ್ತಾರೆ. ಯಾಕೆ ಕೇಳುತ್ತಾರೆಂದು ಯೋಚಿಸಿದಿರಾ? ಒಂದು ಸಂಸಾರಕ್ಕೆ ಒಂದೇ ಹೋಮ್‌ಸ್ಟೆಡ್. ಗಂಡ ಹೆಂಡತಿ ನಿಜವಾಗಿ ಬೇರೆ ಬೇರೆ ಸಂಸಾರ ಹೂಡಿದ್ದರೆ ಮಾತು ಬೇರೆ. ಜುಲೈಯಲ್ಲಿ ಎಡಿಸನ್, ಜನವರಿಯಲ್ಲಿ ಟ್ಯಾಂಪಾ ಎನ್ನುವುದು ಬೇರೆ ಸಂಸಾರವಲ್ಲ. ಕಾಯಂ ವಾಸದ ಆಧಾರದ ಮೇಲೆ ಬೇರೆ ರಾಜ್ಯದಲ್ಲಿ ಆಸ್ತಿ ತೆರಿಗೆ ರಿಯಾಯಿತಿ ಪಡೆಯುತ್ತಿರುವವರಿಗೂ ಇಲ್ಲಿ ಬಾಗಿಲು ಮುಚ್ಚಿದೆ. ಸಿಕ್ಕಿಬಿದ್ದರೆ ಹಿಂದಿನ ಹತ್ತು ವರ್ಷದವರೆಗಿನ ಬಾಕಿ, ಅದರ ಮೇಲೆ ಶೇ 50 ದಂಡ, ಸಾಲದ್ದಕ್ಕೆ ವರ್ಷಕ್ಕೆ ಶೇ 15 ಬಡ್ಡಿ. ಕಟ್ಟುವವರೆಗೆ ಮನೆಯ ಮೇಲೆ ಕೌಂಟಿಯ ಲೀನ್, ಅಂದರೆ ಬಾಕಿ ವಸೂಲಿಯ ಹಕ್ಕು, ಕೂತಿರುತ್ತದೆ.

ಇಷ್ಟೆಲ್ಲ ಅಪಾಯ ಮೈಮೇಲೆ ಎಳೆದುಕೊಂಡರೆ ಸಿಗುವುದಾದರೂ ಎಷ್ಟು? ಪಕ್ಕದವರ 2012ರ ಬೆಲೆ ನಿಮಗೆ ವರ್ಗವಾಗುವುದಿಲ್ಲ. ನಿಮ್ಮ ಲೆಕ್ಕ ನಾಲ್ಕು ಲಕ್ಷದಿಂದಲೇ ಶುರು. ಮೊದಲ ವರ್ಷ ಉಳಿಯುವುದು ಹೆಚ್ಚೆಂದರೆ ಸುಮಾರು ಒಂಬೈನೂರು ಡಾಲರ್. ಅಷ್ಟಕ್ಕೆ ಹೆಂಡತಿಯಿಂದ ಸುಳ್ಳು ಸಹಿ ಹಾಕಿಸುತ್ತೀರಾ?

ನೀವು ಮಾಡಬಹುದಾದದ್ದು ಇಷ್ಟು. ಕೌಂಟಿ ಹಾಕಿದ ಬೆಲೆ ಪೇಟೆ ಬೆಲೆಗಿಂತ ನಿಜಕ್ಕೂ ಜಾಸ್ತಿಯಾಗಿದ್ದರೆ ಟ್ರಿಮ್ ನೋಟಿಸ್ ಅಂಚೆಗೆ ಬಿದ್ದ 25 ದಿನದೊಳಗೆ, ಬೆಲೆಯ ತಕರಾರು ಕೇಳುವ ವ್ಯಾಲ್ಯೂ ಅಡ್ಜಸ್ಟ್‌ಮೆಂಟ್ ಬೋರ್ಡ್‌ಗೆ ಅರ್ಜಿ ಹಾಕಿ. ‘ಪಕ್ಕದವರಿಗೆ ಕಡಿಮೆ’ ಎಂದು ಬರೆದರೆ ಕಸದಬುಟ್ಟಿಗೆ ಹೋಗುತ್ತದೆ. ಇತ್ತೀಚೆಗೆ ಮಾರಾಟವಾದ ಅಂಥದೇ ಮನೆಗಳ ಬೆಲೆ ತೋರಿಸಬೇಕು. ನವೆಂಬರ್‌ನಲ್ಲೇ ಕಟ್ಟಿದರೆ ಶೇ 4 ಸೋಡಿ ಇದೆ, ತಿಂಗಳು ಕಳೆದಂತೆ ಅದು ಒಂದೊಂದೇ ಇಳಿಯುತ್ತದೆ. ವಾಸವಿಲ್ಲದ ಮನೆಗೂ ತೆರಿಗೆಗೆ ಹಿಡಿಯುವ ಬೆಲೆ ಏರಲು ವರ್ಷಕ್ಕೆ ಶೇ 10ರ ಮಿತಿಯೊಂದಿದೆ, ಶಾಲಾ ತೆರಿಗೆಗೆ ಮಾತ್ರ ಅದು ಅನ್ವಯಿಸದು. ಫೆಡರಲ್ ರಿಟರ್ನ್‌ನಲ್ಲಿ ಈ ತೆರಿಗೆಯನ್ನೂ ಶೆಡ್ಯೂಲ್ ಎಗೆ, ಅಂದರೆ ಆದಾಯದಲ್ಲಿ ಕಳೆಯಬಹುದಾದ ಖರ್ಚುಗಳ ಪಟ್ಟಿಗೆ, ಸೇರಿಸಬಹುದು. ಹೀಗೆ ಕಳೆಯಬಹುದಾದ ರಾಜ್ಯ ಮತ್ತು ಸ್ಥಳೀಯ ತೆರಿಗೆಗಳ ಒಟ್ಟು ಮಿತಿ 2024ರವರೆಗೆ 10,000 ಡಾಲರ್ ಇದ್ದಾಗ ನ್ಯೂಜೆರ್ಸಿಯ ಮನೆಯೊಂದೇ ಅದನ್ನು ನುಂಗಿಬಿಡುತ್ತಿತ್ತು. 2025ಕ್ಕೆ 40,000 ಆಯಿತು, ಆದಾಯ ಐದು ಲಕ್ಷ ದಾಟಿದವರಿಗೆ ಇಳಿಯುತ್ತಾ ಹೋಗುತ್ತದೆ.

ಪ್ರಶ್ನೆ: ನಾನು ಲಾಂಗ್ ಐಲೆಂಡ್‌ನವನು, ಮನೆಯಿಂದಲೇ ಕೆಲಸ. ಫ್ಲೋರಿಡಾದ ಮನೆಯಲ್ಲಿ 184 ದಿನ ಇದ್ದರೆ ನ್ಯೂಯಾರ್ಕ್ ಆದಾಯ ತೆರಿಗೆ ಇಲ್ಲವಂತೆ?

ಉತ್ತರ: ಅಂತೆ ಕಂತೆ. ನಿಮ್ಮ ಮೂಲನೆಲೆ ನ್ಯೂಯಾರ್ಕ್ ಆಗಿದ್ದರೆ ದಿನದ ಲೆಕ್ಕದಿಂದ ಅದು ಬದಲಾಗುವುದಿಲ್ಲ. ಮನೆ, ಉದ್ಯೋಗ, ಸಂಸಾರ, ಕಳೆಯುವ ಸಮಯ, ಪ್ರೀತಿಯ ವಸ್ತುಗಳು ಎಲ್ಲಿವೆ ಎಂದು ನೋಡುತ್ತಾರೆ, ಮತ್ತು ನೆಲೆ ಬದಲಾಗಿದೆಯೆಂದು ಸಾಬೀತು ಮಾಡುವ ಹೊಣೆ ನಿಮ್ಮದು. ಒಬ್ಬರು ಡಲ್ಲಾಸ್‌ಗೆ ನಿಜವಾಗಿ ಹೋದರೆಂದು ಒಪ್ಪಲು ಅವರ ನಾಯಿಯೂ ಅಲ್ಲಿಗೆ ಹೋದದ್ದು ದೊಡ್ಡ ಸಾಕ್ಷಿಯಾಯಿತು. ನೆಲೆ ಬದಲಾಯಿತೆಂದೇ ಇಟ್ಟುಕೊಳ್ಳಿ. ಲಾಂಗ್ ಐಲೆಂಡ್‌ನ ಮನೆ ಇಟ್ಟುಕೊಂಡು ನ್ಯೂಯಾರ್ಕ್‌ನಲ್ಲಿ 183ಕ್ಕಿಂತ ಹೆಚ್ಚು ದಿನ ಕಳೆದರೆ ಮತ್ತೆ ಅಲ್ಲಿನ ನಿವಾಸಿಯೇ. ಬೆಳಿಗ್ಗೆ ಬಂದು ಮಧ್ಯಾಹ್ನ ಹೊರಟರೂ ಒಂದು ದಿನ ಎಂದೇ ಲೆಕ್ಕ. ಇನ್ನೂ ಒಂದು ಮಾತು: ಕಂಪನಿ ನ್ಯೂಯಾರ್ಕಿನದಾಗಿದ್ದು, ನಿಮ್ಮ ಅನುಕೂಲಕ್ಕಾಗಿ ನೀವು ಫ್ಲೋರಿಡಾದಿಂದ ಕೆಲಸ ಮಾಡಿದರೆ ಆ ಸಂಬಳಕ್ಕೆ ನ್ಯೂಯಾರ್ಕ್ ಹೇಗೂ ಕೈಚಾಚುತ್ತದೆ.

ಪ್ರಶ್ನೆ: ಮನೆ ಜೆರ್ಸಿ ಸಿಟಿಯಲ್ಲಿ, ಕೆಲಸ ಮ್ಯಾನ್‌ಹಟನ್‌ನಲ್ಲಿ. ನ್ಯೂಯಾರ್ಕ್ ರಾಜ್ಯದ ಅಡಿರಾಂಡಾಕ್ ಬೆಟ್ಟದಲ್ಲಿ ಸಣ್ಣ ಮನೆ ಕೊಳ್ಳಬಹುದೇ?

ಉತ್ತರ: ಓಬಸ್ ಪ್ರಕರಣ ಓದಿಕೊಂಡು ಕೊಳ್ಳಿ. ನಿಮ್ಮಂತೆಯೇ ನ್ಯೂಜೆರ್ಸಿಯಿಂದ ಓಡಾಡುತ್ತಿದ್ದವರು, ಅದೇ ಬೆಟ್ಟದ ಮನೆಯಲ್ಲಿ ವರ್ಷಕ್ಕೆ ಹೆಚ್ಚೆಂದರೆ ಮೂರು ವಾರ ಇರುತ್ತಿದ್ದರು. ಆದರೂ ನ್ಯೂಯಾರ್ಕ್ ಅವರನ್ನು ತನ್ನ ನಿವಾಸಿ ಎಂದಿತು. 2022ರಲ್ಲಿ ಕೋರ್ಟ್ ಅವರ ಕಡೆ ನಿಂತಿತು, ಆದರೆ ಅಲ್ಲಿಯವರೆಗಿನ ವಕೀಲರ ಖರ್ಚು ಯಾರ ಜೇಬಿನದು? ನಾನಾಗಿದ್ದರೆ ಪೆನ್ಸಿಲ್ವೇನಿಯಾದ ಪೊಕೊನೊಸ್ ಕಡೆ ನೋಡುತ್ತಿದ್ದೆ.

ಪ್ರಶ್ನೆ: ನ್ಯೂಜೆರ್ಸಿ ಬಿಟ್ಟು ಹೋಗುವವರಿಗೆ ಎಕ್ಸಿಟ್ ಟ್ಯಾಕ್ಸ್ ಎಷ್ಟು?

ಉತ್ತರ: ಅಂಥ ತೆರಿಗೆಯೇ ಇಲ್ಲ. ಹೊರರಾಜ್ಯದವರು ಅಲ್ಲಿನ ಮನೆ ಮಾರುವಾಗ ಲಾಭದ ಮೇಲಿನ ಆದಾಯ ತೆರಿಗೆಯನ್ನು ಮುಂಗಡವಾಗಿ ಹಿಡಿಯುತ್ತಾರೆ, ಕನಿಷ್ಠ ಮಾರಾಟ ಬೆಲೆಯ ಶೇ 2. ಹೆಚ್ಚಾಗಿದ್ದರೆ ರಿಟರ್ನ್ ಹಾಕಿ ವಾಪಸ್ ಪಡೆಯಿರಿ.

ಪ್ರಶ್ನೆ: ಎಚ್-1ಬಿಯಲ್ಲಿದ್ದೇನೆ, ಫ್ಲೋರಿಡಾದಲ್ಲೇ ವಾಸ. ಹೋಮ್‌ಸ್ಟೆಡ್ ಸಿಗುತ್ತದೆಯೇ?

ಉತ್ತರ: ನಿಮ್ಮ ಕೆಲಸದ ವೀಸಾದ ಆಧಾರದ ಮೇಲೆ ಇಲ್ಲ. ಅಮೆರಿಕದಲ್ಲಿ ಹುಟ್ಟಿದ ಮಗು ನಿಮ್ಮ ಜೊತೆ ಅದೇ ಮನೆಯಲ್ಲಿದ್ದರೆ ಸಿಗಬಹುದು; 2012ರಲ್ಲಿ ಫ್ಲೋರಿಡಾದ ಸುಪ್ರೀಂ ಕೋರ್ಟ್ ಅಂಥ ತಂದೆತಾಯಿಗೆ ಕೊಟ್ಟಿದೆ. ವಕೀಲರನ್ನು ಕೇಳಿ, ವಾಟ್ಸ್‌ಆ್ಯಪ್ ಗುಂಪನ್ನಲ್ಲ.

ಪ್ರಶ್ನೆ: ಮೈಸೂರಿನಲ್ಲಿರುವ ನಮ್ಮ ಮನೆಯ ಕಂದಾಯವನ್ನು ಶೆಡ್ಯೂಲ್ ಎಯಲ್ಲಿ ತೋರಿಸಬಹುದೇ?

ಉತ್ತರ: 2018ರಿಂದ ಇಲ್ಲ. ಬಾಡಿಗೆಗೆ ಕೊಟ್ಟಿದ್ದರೆ ಬಾಡಿಗೆ ಆದಾಯದಲ್ಲಿ ಕಳೆಯಬಹುದು. ಆ ಬಾಡಿಗೆಯನ್ನು ಇಲ್ಲಿ ತೋರಿಸುತ್ತಿದ್ದೀರಿ ತಾನೇ?