ಊಟವಾದ ಕೂಡಲೇ ಕಾಫಿ ಕುಡಿದರೆ ಹೆಂಗಸರಿಗೆ ರಕ್ತ ಕಡಿಮೆಯಾಗುತ್ತದೆ ಎನ್ನುತ್ತಾರೆ, ಏಕೆ?

ಕಾಫಿ ರಕ್ತವನ್ನು ಕರಗಿಸುವುದಿಲ್ಲ. ರಕ್ತವಾಗಲು ಬೇಕಾದ, ಊಟದಲ್ಲಿರುವ ಕಬ್ಬಿಣಾಂಶ ಮೈಗೆ ಹತ್ತದಂತೆ ಅದು ತಡೆಯುತ್ತದೆ, ಅಷ್ಟೆ. ಕಾಫಿ, ಚಹಾ ಎರಡರಲ್ಲೂ ಪಾಲಿಫಿನಾಲ್ ಎಂಬ ಒಗರು ಪದಾರ್ಥಗಳಿವೆ. ತೀರ್ಥಹಳ್ಳಿ, ಸಾಗರದ ಕಡೆ ಅಡಿಕೆ ಸುಲಿದವರಿಗೆ ಇದು ಕಣ್ಣಾರೆ ಕಂಡ ಸಂಗತಿ: ಹಸಿ ಅಡಿಕೆ ಕೊಯ್ದ ಕಬ್ಬಿಣದ ಕತ್ತಿ ಕಪ್ಪಾಗುತ್ತದೆ. ಅಡಿಕೆಯ ಚೊಗರಿನಲ್ಲಿರುವ (ಒಗರು ರಸದಲ್ಲಿರುವ) ಟ್ಯಾನಿನ್ ಎಂಬ ಪಾಲಿಫಿನಾಲ್ ಕಬ್ಬಿಣವನ್ನು ಹಿಡಿದುಕೊಂಡ ಗುರುತು ಅದು. ಹೊಟ್ಟೆಯಲ್ಲಿಯೂ ಹೆಚ್ಚುಕಡಿಮೆ ಹೀಗೆಯೇ ಆಗುತ್ತದೆ. ಹಾಗೆ ಹಿಡಿದುಕೊಂಡ ಕಬ್ಬಿಣವನ್ನು ಕರುಳು ಹೀರಲಾರದು. ಹರಿವೆ ಸೊಪ್ಪು, ಹುರುಳಿಯಂಥ ಸಸ್ಯಾಹಾರದ ಕಬ್ಬಿಣಕ್ಕೆ ಈ ತಡೆ ಹೆಚ್ಚು.

ಆದ್ದರಿಂದ ಊಟಕ್ಕೂ ಕಾಫಿಗೂ, ಎಲೆಯಡಿಕೆಗೂ ಒಂದೆರಡು ಗಂಟೆ ಅಂತರವಿರಲಿ. ಕಬ್ಬಿಣದ ಮಾತ್ರೆಯನ್ನಂತೂ ಕಾಫಿ, ಹಾಲಿನೊಂದಿಗೆ ನುಂಗಲೇಬೇಡಿ. ಪಲ್ಯಕ್ಕೆ ನಿಂಬೆ ಹಿಂಡಿದರೆ ಅದರ ಸಿ ಜೀವಸತ್ವವು ಕಬ್ಬಿಣ ಹೀರಲು ನೆರವಾಗುತ್ತದೆ.

ಮುಟ್ಟು ಶುರುವಾದಂದಿನಿಂದ ನಿಲ್ಲುವವರೆಗೆ ತಿಂಗಳು ತಿಂಗಳೂ ರಕ್ತ ಹೋಗುವುದರಿಂದ ಹೆಂಗಸರಿಗೆ ಕಬ್ಬಿಣದ ಅಗತ್ಯ ಗಂಡಸರಿಗಿಂತ ಹೆಚ್ಚು. ಬಸುರಿಯಲ್ಲಿ ಇನ್ನೂ ಹೆಚ್ಚು. ಹೆಂಗಸರಲ್ಲಿ ಹಿಮೊಗ್ಲೋಬಿನ್ (ರಕ್ತದ ಕೆಂಪು ಅಂಶ) 100 ಮಿ.ಲೀ. ರಕ್ತಕ್ಕೆ 12 ಗ್ರಾಂಗಿಂತ (ಗರ್ಭಿಣಿಯರಲ್ಲಿ ಸಾಮಾನ್ಯವಾಗಿ 11) ಕೆಳಗಿದ್ದರೆ ರಕ್ತಹೀನತೆ. ಮಳೆಗಾಲದಲ್ಲಿ ಬರಿಗಾಲಿನಲ್ಲಿ ತೋಟಕ್ಕೆ ಇಳಿಯುವವರಿಗೆ ಕೊಕ್ಕೆಹುಳುವಿನ ಕಾಟವೂ ಇರಬಹುದು. ಅದು ಕರುಳಿನಲ್ಲಿ ಕುಳಿತು ರಕ್ತ ಹೀರುತ್ತದೆ, ಆಗ ಕಾಫಿ ಬಿಟ್ಟರೂ ಸಾಲದು. ಸುಸ್ತು, ಏದುಸಿರು ಇದ್ದರೆ "ಕೆಲಸ ಜಾಸ್ತಿಯಾಯಿತು" ಎಂದು ಸುಮ್ಮನಾಗದೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ.